ಊಟ-ವಸತಿಗೆ ದುಡಿಯಲು ಹೊರಟವರಿಗೆ
ಹೊರದೇಶದ ತೋಟದಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕಳೆ ಕಿತ್ತು, ಬದಲಿಗೆ ಊಟ-ವಸತಿ ಪಡೆಯುವ ‘ವೂಫ್’ ಪದ್ಧತಿ 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಖರ್ಚು ಉಳಿಯುತ್ತದೆ, ತೋಟದ ಮನೆಯವರ ಜೊತೆ ಕೂತು ಉಣ್ಣುವ ಸುಖವೂ ಉಂಟು. ಆದರೆ ಸಂಬಳವಿಲ್ಲ ಅಂದಮಾತ್ರಕ್ಕೆ ಅದು ಕೆಲಸವಲ್ಲ ಅಂದುಕೊಳ್ಳಬೇಡಿ. ನ್ಯೂಜಿಲೆಂಡಿನ ವಲಸೆ ಇಲಾಖೆಯ ಲೆಕ್ಕದಲ್ಲಿ ಹಾಸಿಗೆ, ಊಟವೂ ಕೂಲಿಯೇ. ಪ್ರವಾಸಿ ವೀಸಾದಲ್ಲಿ ಅಂಥ ಕೆಲಸಕ್ಕೆ ಅವಕಾಶವಿಲ್ಲ. ‘ತೋಟದಲ್ಲಿ ಸ್ವಲ್ಪ ಸಹಾಯ ಮಾಡ್ತೀನಿ’ ಎಂದು ವಿಮಾನ ನಿಲ್ದಾಣದಲ್ಲಿ ಮುಗ್ಧವಾಗಿ ಹೇಳಿದರೂ ವಾಪಸು ಕಳಿಸಬಹುದು.

ಎಷ್ಟು ಗಂಟೆ, ಯಾವ ಕೆಲಸ, ರಜೆ ಯಾವತ್ತು, ಮಲಗುವುದು ಎಲ್ಲಿ ಎಂದು ತೋಟದವರಿಗೆ ಮೊದಲೇ ಬರೆದು ಕೇಳಿ. ಸಂಕೋಚ ಬೇಡ. ಸಸ್ಯಾಹಾರಿಗಳಾದರೆ ಮೀನೂ ಬೇಡವೆಂದು ಬಿಡಿಸಿಯೇ ಹೇಳಿ. ಮನೆ ಹಿಡಿಸದಿದ್ದರೆ ಮರುದಿನವೇ ಹೊರಡಲು ಎರಡು-ಮೂರು ರಾತ್ರಿಯ ಹಾಸ್ಟೆಲ್ ದುಡ್ಡು ಬೇರೆ ಇಟ್ಟುಕೊಂಡಿರಿ.