ಮರೆತವರೂ ಗುರುಗಳೇ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಮುಪ್ಪಿಗೆ ಸಹಜವಾದ ಮರೆವು ಬೇರೆ, ಮರೆಗುಳಿ ರೋಗ ಬೇರೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ತಡಕಾಡುವುದು ಮೊದಲನೆಯದು. ಕನ್ನಡಕವಿರುವುದು ಏತಕ್ಕೆಂಬುದೇ ತಿಳಿಯದಾಗುವುದು ಎರಡನೆಯದು. ಮಿದುಳಿನ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಈ ಸ್ಥಿತಿ ಒದಗುತ್ತದೆ. ಈ ರೋಗದ ಬಗೆಗಳಲ್ಲಿ ಅತಿ ಸಾಮಾನ್ಯವಾದುದನ್ನು 1906ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಆಲ್‌ಝೈಮರ್. ಭಾರತದಲ್ಲಿ ಅರವತ್ತು ವರ್ಷ ತುಂಬಿದವರ ಪೈಕಿ ಸುಮಾರು 88 ಲಕ್ಷ ಮಂದಿ ಮರೆಗುಳಿ ರೋಗಕ್ಕೆ ತುತ್ತಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕಳೆದುಹೋದ ನೆನಪನ್ನು ಮರಳಿ ತರಬಲ್ಲ ಔಷಧ ಇನ್ನೂ ದೊರೆತಿಲ್ಲ.

ಮರೆವಿನಷ್ಟೇ ಕಾಡುವ ಇನ್ನೊಂದು ಸಂಕಟವುಂಟು. ಮನೆಯವರು ಪ್ರೀತಿಯಿಂದಲೇ ರೋಗಿಯ ಕೈಯಿಂದ ಒಂದೊಂದಾಗಿ ಎಲ್ಲ ಕೆಲಸಗಳನ್ನೂ ಬಿಡಿಸಿಬಿಡುತ್ತಾರೆ. ಜೀವನವಿಡೀ ಇತರರಿಗೆ ಆಸರೆಯಾಗಿದ್ದವರು ಮೂಲೆಯಲ್ಲಿ ಕುಳಿತು ಕೇವಲ ಉಪಚಾರ ಪಡೆಯುವವರಾಗುತ್ತಾರೆ. ಆದರೆ ರೋಗವು ಎಲ್ಲವನ್ನೂ ಒಮ್ಮೆಗೇ ಕಸಿಯುವುದಿಲ್ಲ. ಈಚಿನ ಘಟನೆಗಳು ಮೊದಲು ಅಳಿಸಿಹೋಗುತ್ತವೆ. ಬಟ್ಟೆ ಮಡಿಸುವುದು, ಗುಂಡಿ ಹಾಕುವುದು, ಕಾಳು ಬೇರ್ಪಡಿಸುವುದು ಮುಂತಾದ ಕೈಗೆ ಪಳಗಿದ ಕೆಲಸಗಳು ಬಹುಕಾಲ ಉಳಿಯಬಲ್ಲವು.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಕ್ಯಾಂಪ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಹೀಗೆ ಉಳಿದ ಶಕ್ತಿಯನ್ನೇ ಆಧಾರವಾಗಿಟ್ಟುಕೊಂಡರು. 1939ರಲ್ಲಿ ಭಾರತಕ್ಕೂ ಬಂದು ಶಿಕ್ಷಕರಿಗೆ ತರಬೇತಿ ನೀಡಿದ ಮರಿಯಾ ಮಾಂಟೆಸ್ಸೊರಿಯವರ ಬೋಧನಾ ಪದ್ಧತಿ ಅವರಿಗೆ ದಾರಿ ತೋರಿತು. ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸಿ, ನಿತ್ಯಬಳಕೆಯ ವಸ್ತುಗಳಿಂದ ಕಲಿಸುವುದು ಆ ಪದ್ಧತಿಯ ತಿರುಳು. ಕ್ಯಾಂಪ್ ಅವರು ಒಬ್ಬ ವೃದ್ಧರ ಜೊತೆಗೆ ಒಂದು ಮಗುವನ್ನು ಕೂರಿಸಿ, ವೃದ್ಧರಿಗೆ ಗುರುವಿನ ಸ್ಥಾನ ಕೊಟ್ಟರು. ಬೇರೆ ಹೊತ್ತಿನಲ್ಲಿ ನಿರಾಸಕ್ತರಾಗಿ ಕುಳಿತಿರುತ್ತಿದ್ದವರು ಮಗುವಿನ ಎದುರು ಪಾಠದಲ್ಲಿ ಮನಸ್ಸಿಟ್ಟು ತೊಡಗಿದರೆಂದು 1997ರಲ್ಲಿ ಅವರು ವರದಿ ಮಾಡಿದರು.

ಅದೇ ನಗರದಲ್ಲಿ 2000ದಲ್ಲಿ ನರರೋಗ ತಜ್ಞ ಪೀಟರ್ ವೈಟ್‌ಹೌಸ್ ಅವರು ಪತ್ನಿ ಕ್ಯಾಥರೀನ್ ಅವರೊಡನೆ ತಲೆಮಾರುಗಳನ್ನು ಕೂಡಿಸುವ ಶಾಲೆಯೊಂದನ್ನು ಸ್ಥಾಪಿಸಿದರು. ಅಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ಅವರ ಓದಿಗೆ ಕಿವಿಗೊಟ್ಟ ಹಿರಿಯರಲ್ಲಿ ಮರೆಗುಳಿ ರೋಗವುಳ್ಳವರೂ ಇದ್ದರು. ತಡವರಿಸುತ್ತ ಓದಲು ಕಲಿಯುವ ಮಗುವಿಗೆ ಬೇಸರಪಡದ ಕೇಳುಗರು ಬೇಕು. ನಿನ್ನೆ ಕೇಳಿದ ಕಥೆಯನ್ನು ಇಂದು ಹೊಸದೆಂಬಂತೆ ಕೇಳಬಲ್ಲವರಿಗಿಂತ ತಾಳ್ಮೆಯ ಕೇಳುಗರು ಬೇರಾರು?

ಇಂಥ ಕೂಟಕ್ಕೆ ಎಚ್ಚರಿಕೆಯೂ ಅಗತ್ಯ. ಗದ್ದಲದಿಂದ ರೋಗಿಗಳು ಕಂಗೆಡುತ್ತಾರೆ; ಆದ್ದರಿಂದ ಗುಂಪು ಚಿಕ್ಕದಾಗಿರಬೇಕು, ತಿಳಿದವರೊಬ್ಬರು ಹತ್ತಿರವಿರಬೇಕು. ಮಕ್ಕಳಿಗೆ ರೋಗದ ಸ್ವರೂಪವನ್ನು ಮುಂಚೆಯೇ ತಿಳಿಸಬೇಕು. ಒಂದೇ ಪ್ರಶ್ನೆ ಹತ್ತು ಸಲ ಬಂದರೆ ಹತ್ತನೆಯ ಸಲವೂ ಶಾಂತವಾಗಿಯೇ ಉತ್ತರಿಸಬೇಕು. ಇದರಿಂದ ರೋಗ ವಾಸಿಯಾಗದು. ಆದರೆ ರೋಗಿಯ ಘನತೆ ಉಳಿಯುತ್ತದೆ.

ಅಜ್ಜಿಗೆ ಮೊಮ್ಮಗಳ ಹೆಸರು ಮರೆತಿರಬಹುದು. ಆಕೆಯ ಬೆರಳುಗಳಿಗೆ ಜಡೆ ಹೆಣೆಯುವ ವರಸೆ ಇನ್ನೂ ನೆನಪಿರಬಹುದು. ‘ನಾನು ಯಾರು, ಹೇಳಜ್ಜಿ’ ಎಂದು ಪರೀಕ್ಷಿಸಿದರೆ ಆಕೆ ಸೋಲುತ್ತಾಳೆ. ‘ಜಡೆ ಹಾಕಿಕೊಡಜ್ಜಿ’ ಎಂದು ಬೆನ್ನು ತಿರುಗಿಸಿ ಕುಳಿತರೆ, ಆಕೆ ಮತ್ತೆ ಮನೆಯ ಹಿರಿಯಳಾಗುತ್ತಾಳೆ.