ಕ್ಷಯರೋಗದ ಪತ್ತೆ: ರಕ್ತವೋ, ಕಫವೋ?

ಕುಟುಂಬದಲ್ಲಿ ಯಾರಿಗಾದರೂ ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ ಕಂಡುಬಂದಲ್ಲಿ ಅದು ಶ್ವಾಸಕೋಶದ ಕ್ಷಯವಿರಬಹುದು. ಇದರ ರೋಗಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ 1882ರಲ್ಲಿ ಪ್ರಕಟಪಡಿಸಿದನು. ರೋಗದ ಪತ್ತೆಗೆ ರಕ್ತ ಪರೀಕ್ಷಿಸಿದರೆ ಸಾಲದೇ ಎಂದು ಅನೇಕ ದಂಪತಿಗಳು ಕೇಳುವುದುಂಟು.

ಪ್ರತಿಕಾಯವೆಂದರೇನು?

ರೋಗಾಣುವು ದೇಹವನ್ನು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ. ಕೆಲವು ರೋಗಗಳಲ್ಲಿ ಇವುಗಳನ್ನು ಅಳೆಯುವುದರಿಂದ ಪ್ರಯೋಜನವಿದೆ. ನಾಯಿಕೆಮ್ಮು ಆರಂಭವಾಗಿ ಕೆಲವು ವಾರಗಳು ಕಳೆದ ಮೇಲೆ ಇಂತಹ ಪರೀಕ್ಷೆ ನೆರವಾಗುತ್ತದೆ.

ಕ್ಷಯದಲ್ಲಿ ಹಾಗಲ್ಲ. ರೋಗಾಣು ಸೇರಿದವರೆಲ್ಲರೂ ರೋಗಿಗಳಾಗುವುದಿಲ್ಲ; ಬಹುಮಂದಿಯಲ್ಲಿ ಅದು ಸುಪ್ತವಾಗಿರುತ್ತದೆ. ಇಂತಹವರ ರಕ್ತದಲ್ಲಿಯೂ, ಹಿಂದೆ ರೋಗ ಬಂದು ಗುಣವಾದವರ ರಕ್ತದಲ್ಲಿಯೂ ಪ್ರತಿಕಾಯಗಳಿರಬಹುದು. ಆದರೆ ನಿಜವಾದ ರೋಗಿಯಲ್ಲಿ, ಮುಖ್ಯವಾಗಿ ಎಚ್.ಐ.ವಿ. ಸೋಂಕುಳ್ಳವರಲ್ಲಿ, ಅವು ಕಾಣದೆ ಹೋಗಬಹುದು.

ತಪ್ಪು ಫಲಿತಾಂಶದ ಹಾನಿ

ರೋಗವಿಲ್ಲದ ಪತಿ ತಿಂಗಳುಗಟ್ಟಲೆ ವೃಥಾ ಔಷಧಿ ಸೇವಿಸಬೇಕಾದೀತು. ರೋಗವುಳ್ಳ ಪತ್ನಿ ತನಗೇನೂ ಇಲ್ಲವೆಂದು ನಂಬಿ ಮನೆಯ ಮಕ್ಕಳಿಗೆ ಸೋಂಕು ಹರಡಿಯಾಳು. ಆದುದರಿಂದಲೇ ಕ್ಷಯದ ಪತ್ತೆಗೆ ಪ್ರತಿಕಾಯ ಪರೀಕ್ಷೆಗಳು ಸಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಸಾರಿತು. 2012ರಲ್ಲಿ ಭಾರತ ಸರ್ಕಾರವು ಅವುಗಳ ತಯಾರಿಕೆ, ಆಮದು ಮತ್ತು ಮಾರಾಟವನ್ನು ನಿಷೇಧಿಸಿತು. ಉತ್ತಮ ರಕ್ತಪರೀಕ್ಷೆಗಾಗಿ ಸಂಶೋಧನೆ ನಡೆದಿದೆ.

ಕಫ ಪರೀಕ್ಷೆಯೇ ದಾರಿ

ಕಫದಲ್ಲಿ ಹುಡುಕುವುದು ರೋಗಾಣುವನ್ನೇ. ಸೂಕ್ಷ್ಮದರ್ಶಕದಿಂದ ಅಥವಾ ರೋಗಾಣುವಿನ ವಂಶಧಾತುವನ್ನು ಗುರುತಿಸುವ ಯಂತ್ರದಿಂದ ಇದು ಸಾಧ್ಯ. ಇಂತಹ ಯಂತ್ರಗಳಲ್ಲಿ ಒಂದಾದ ಟ್ರೂನಾಟ್ ಬೆಂಗಳೂರಿನಲ್ಲಿ ಅಭಿವೃದ್ಧಿಯಾದದ್ದು. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ರೋಗಾಣು ಮಣಿಯುವುದೋ ಇಲ್ಲವೋ ಎಂಬುದನ್ನೂ ಈ ವಿಧಾನದಿಂದ ತಿಳಿಯಬಹುದು.

ಕಫ ಕೊಡುವಾಗ ಬಾಯಿ ಮುಕ್ಕಳಿಸಿ, ಗಾಳಿಯಾಡುವ ಬಯಲಿನಲ್ಲಿ ನಿಂತು, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಬೇಕು. ಬರಿಯ ಉಗುಳು ಸಾಲದು.

ನೆನಪಿಡಿ

1. ಕಫ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.
2. ಸಕ್ಕರೆ ಕಾಯಿಲೆ, ಎಚ್.ಐ.ವಿ. ತಪಾಸಣೆಗೆ ವೈದ್ಯರು ರಕ್ತ ಕೇಳಿದರೆ ನಿರಾಕರಿಸಬೇಡಿ. ಅದರ ಉದ್ದೇಶ ಬೇರೆ.
3. ಗರ್ಭಿಣಿಯರೂ ಬಾಣಂತಿಯರೂ ಕೆಮ್ಮನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು.
4. ಒಬ್ಬರಿಗೆ ರೋಗವಿದ್ದರೆ ಮನೆಯವರೆಲ್ಲರೂ ತಪಾಸಣೆಗೆ ಒಳಗಾಗಬೇಕು.