ಕಡಲೆಕಾಯಿಯ ಕುಲಮೂಲ

ರಾಯದುರ್ಗ, ಮಡಕಶಿರಾ ಸೀಮೆಯ ನಾವು ಕಡಲೆಕಾಯಿ ನಮ್ಮದೇ ಬೆಳೆಯೆಂದು ತಿಳಿದಿದ್ದೇವೆ. ಅದರ ತವರು ದಕ್ಷಿಣ ಅಮೆರಿಕ. ಬೊಲಿವಿಯಾ, ಅರ್ಜೆಂಟೀನಾಗಳ ಗಡಿಸೀಮೆಯಲ್ಲಿ ಸುಮಾರು 10,000 ವರ್ಷಗಳ ಹಿಂದೆ ಎರಡು ಕಾಡುಜಾತಿಗಳು ಬೆರೆತವು. ವಂಶಗುಣ ಹೊರುವ ವರ್ಣತಂತುಗಳು ಒಂದೊಂದರಲ್ಲಿ 20; ಸಂತಾನದಲ್ಲಿ 40 ಆದವು. ಗೋಧಿಯೂ ಹೀಗೆಯೇ: ಮೂರು ಹುಲ್ಲುಗಳು ಬೆರೆತು ಇಂದಿನ ರೊಟ್ಟಿಗೋಧಿಗೆ 42 ಬಂದವು.

ತೊಡಕಿರುವುದು ಇಲ್ಲಿಯೇ. 40ರ ಗಿಡಕ್ಕೂ 20ರ ಕಾಡುಬಂಧುವಿಗೂ ಸಂಬಂಧ ಕೂಡಿಸಿದರೆ ಹುಟ್ಟುವ ಗಿಡ ಬಂಜೆ. ಆದಕಾರಣ ಲೋಕದ ಕಡಲೆಕಾಯಿಯೆಲ್ಲ ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. ನಮ್ಮ ಹೊಲಕ್ಕೆ ಎಲೆಚುಕ್ಕೆ ಬಿದ್ದ ವರ್ಷ, ಬೇರೆ ಬೀಜ ತಂದಿದ್ದ ನೆರೆಯವರ ಹೊಲವೂ ಉಳಿಯಲಿಲ್ಲ. ಬೀಜದ ಹೆಸರು ಬೇರೆ, ರಕ್ತ ಒಂದೇ.

ಬಂಜೆತನವನ್ನು ಗೆದ್ದು ಕಾಡಿನ ಗುಣವನ್ನು ಹೊಲಕ್ಕೆ ತಂದ ವಿಜ್ಞಾನಿಗಳುಂಟು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯ ವಂಶದಲ್ಲಿ ಅಂಥ ಕಾಡುಬಂಧುವೊಂದಿದೆ. ತುಕ್ಕುರೋಗವನ್ನೂ ತಡವಾಗಿ ಬರುವ ಎಲೆಚುಕ್ಕೆಯನ್ನೂ ಅದು ತಾಳಿಕೊಳ್ಳುತ್ತದೆ. (ಮಳೆ ತಪ್ಪಿದರೆ ಯಾವ ಕುಲವೂ ಕಾಯದು, ಅದು ಬೇರೆ ಮಾತು.) ನಾವು ಮುಂಗಾರಿಗೆ ಮನೆಬೀಜದ ಪಕ್ಕದಲ್ಲಿ ಅದನ್ನು ನಾಲ್ಕು ಸಾಲು ಬಿತ್ತಿ, ಚುಕ್ಕೆಬಿದ್ದ ಎಲೆಗಳನ್ನು ಶಾಲೆಯ ಮಕ್ಕಳಿಂದ ಎಣಿಸಲಿದ್ದೇವೆ.